ಜೇಷ್ಠಮಧು: ಎಷ್ಟು, ಎಷ್ಟು ದಿನ, ಯಾರಿಗೆ ಬೇಡ?

ಚಳಿಗಾಲದ ಕೆಮ್ಮು, ತೊಗರಿ ರಾಶಿಯ ಧೂಳು, ಖಾರ ತಿಂದ ಮೇಲಿನ ಎದೆ ಉರಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅನೇಕ ಮನೆಗಳಲ್ಲಿ ಇವಕ್ಕೆಲ್ಲ ಮೊದಲು ಕೈ ಹೋಗುವುದು ಜೇಷ್ಠಮಧದ ಡಬ್ಬಿಗೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಆಯುರ್ವೇದ ವೈದ್ಯರು ಮತ್ತು ಫಿಜಿಷಿಯನ್ ಕೂಡಿ ಉತ್ತರ ಬರೆದಿದ್ದಾರೆ.

ಪ್ರಶ್ನೆ (ಆಳಂದ): ಸಾಹೇಬ್ರ, ನಮ್ಮ ಅವ್ವಗ 62 ವರ್ಷ. ಬಿಪಿ ಗುಳಿಗಿ ಭಾಳ ವರ್ಷದಿಂದ ನಡದಾವ. ಒಣ ಕೆಮ್ಮು ಅಂತ ಎರಡು ತಿಂಗಳಿಂದ ದಿನಾ ಮೂರು ಸರ್ತಿ ಜೇಷ್ಠಮಧದ ಕಷಾಯ ಕುಡೀಲಕತ್ತಾಳ. ಈಗ ಕಾಲು ಬಾತಾವ, ಮೆಟ್ಟಿಲು ಹತ್ತಲಿಕ್ಕೆ ತೊಡಿಯೊಳಗ ಶಕ್ತಿ ಇಲ್ಲ ಅಂತಾಳ, ಬಿಪಿ 170 ದಾಟ್ಯಾದ. ಗಿಡಮೂಲಿಕೆದಿಂದ ಹಿಂಗ ಆಗ್ತದೇನ್ರಿ?

ಉತ್ತರ: ಆಗುತ್ತದೆ. ಕಾಲಿನ ಬಾವು, ತೊಡೆಯ ನಿಶ್ಶಕ್ತಿ, ಏರಿದ ಬಿಪಿ ಈ ಮೂರೂ ಒಟ್ಟಿಗೆ ಬಂದು, ಮನೆಯಲ್ಲಿ ಎರಡು ತಿಂಗಳಿಂದ ಜೇಷ್ಠಮಧು ನಡೆದಿದ್ದರೆ ಮೊದಲ ಅನುಮಾನ ಅದರ ಮೇಲೆಯೇ. ಇದನ್ನು ಓದಿದ ದಿನವೇ ಕಷಾಯ ನಿಲ್ಲಿಸಿ. ಬಿಪಿ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂ ಬೇಡಿ. ಅದೇ ದಿನ ಅಥವಾ ಮರುದಿನ ಮೂರು ಪರೀಕ್ಷೆ ಆಗಬೇಕು: ಸೀರಮ್ ಎಲೆಕ್ಟ್ರೋಲೈಟ್ಸ್ (ರಕ್ತದಲ್ಲಿನ ಲವಣಗಳು), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಇಸಿಜಿ. ಎಲೆಕ್ಟ್ರೋಲೈಟ್ಸ್ ವರದಿಯಲ್ಲಿ ನೋಡಬೇಕಾದ್ದು ಪೊಟ್ಯಾಶಿಯಂ. ಸಾಮಾನ್ಯವಾಗಿ ಅದು 3.5ರಿಂದ 5ರ ನಡುವೆ ಇರುತ್ತದೆ. 3ಕ್ಕಿಂತ ಕೆಳಗಿದ್ದರೆ ಅವತ್ತೇ ಡಾಕ್ಟರರಿಗೆ ತೋರಿಸಿ, 2.5ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ ದಾಖಲಾಗಲೇಬೇಕು.

ಕಾರಣ ಹೀಗಿದೆ. ಜೇಷ್ಠಮಧುವಿನ ಸಿಹಿಯೆಲ್ಲ ಗ್ಲೈಸಿರೈಜಿನ್ ಎಂಬ ಅಂಶದ್ದು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಗ್ಲೈಸಿರೆಟಿನಿಕ್ ಆಮ್ಲ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಉಪ್ಪು ಹಿಡಿದಿಡು, ಪೊಟ್ಯಾಶಿಯಂ ಹೊರಗೆ ಹಾಕು ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನು ಆಲ್ಡೋಸ್ಟಿರೋನ್. ಅದು ಒಳಹೋಗುವ ಬಾಗಿಲಿನಲ್ಲೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ನುಗ್ಗಬಲ್ಲದು, ರಕ್ತದಲ್ಲಿ ಅದರ ಪ್ರಮಾಣವೋ ನೂರಾರು ಪಟ್ಟು ಹೆಚ್ಚು. ಹಾಗಾಗಿ ಅಲ್ಲೊಂದು ಕಿಣ್ವ ಕಾವಲುಗಾರನ ಹಾಗೆ ನಿಂತು, ಬಂದ ಕಾರ್ಟಿಸಾಲನ್ನೆಲ್ಲ ನಿಷ್ಕ್ರಿಯ ಮಾಡುತ್ತಿರುತ್ತದೆ. ಗ್ಲೈಸಿರೆಟಿನಿಕ್ ಆಮ್ಲ ಕಟ್ಟಿಹಾಕುವುದು ಈ ಕಿಣ್ವವನ್ನೇ. ಆಮೇಲೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಬಿಪಿ ಏರುತ್ತದೆ, ಮುಖ ಕಾಲು ಬಾಯುತ್ತವೆ, ಪೊಟ್ಯಾಶಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ. ಪೊಟ್ಯಾಶಿಯಂ ಇಳಿದಾಗ ಮೊದಲು ಸೋಲುವುದು ತೊಡೆ, ಭುಜದಂಥ ದೊಡ್ಡ ಸ್ನಾಯುಗಳು. ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಗೊತ್ತಾಗುವುದು ಅದಕ್ಕೇ. ಇನ್ನೂ ಇಳಿದರೆ ಹೃದಯದ ಬಡಿತದ ಲಯ ತಪ್ಪುತ್ತದೆ.

ಇದು ಹೊಸ ಸಂಗತಿಯಲ್ಲ. ಹೊಟ್ಟೆ ಹುಣ್ಣಿಗೆ ಜೇಷ್ಠಮಧುವಿನ ಸಾರ ಕೊಡುತ್ತಿದ್ದ ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್, ಹುಣ್ಣು ವಾಸಿಯಾಗುತ್ತಿದ್ದರೂ ಕೆಲವರಿಗೆ ಮೈ ಬಾಯುತ್ತದೆ ಎಂದು 1946ರಲ್ಲೇ ಬರೆದರು.

ಅವ್ವನ ವಿಷಯದಲ್ಲಿ ಇನ್ನೊಂದು ಮಾತು. ಅವರ ಗುಳಿಗೆ ಪಟ್ಟಿಯ ಹಿಂಬದಿ ಓದಿ. ರಾಮಿಪ್ರಿಲ್, ಎನಾಲಪ್ರಿಲ್, ಲಿಸಿನೋಪ್ರಿಲ್, ಹೀಗೆ ‘ಪ್ರಿಲ್’ ಎಂದು ಮುಗಿಯುವ ಔಷಧವಿದ್ದರೆ ಒಣ ಕೆಮ್ಮು ಬಂದಿರುವುದು ಆ ಗುಳಿಗೆಯಿಂದಲೇ ಇರಬಹುದು. ಅದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಕಫ ಇರುವುದಿಲ್ಲ, ಗಂಟಲಲ್ಲಿ ಕೆರೆತ, ರಾತ್ರಿ ಹೆಚ್ಚು. ಆ ಕೆಮ್ಮು ಯಾವ ಕಷಾಯಕ್ಕೂ ಬಗ್ಗುವುದಿಲ್ಲ. ಕೆಮ್ಮಿಗೆಂದು ಜೇಷ್ಠಮಧು ಕೊಟ್ಟರೆ ಬಿಪಿ ಏರುತ್ತದೆ, ಬಿಪಿ ಏರಿತೆಂದು ಗುಳಿಗೆಯ ಡೋಸ್ ಹೆಚ್ಚಿಸುತ್ತಾರೆ, ಕೆಮ್ಮು ಹೋಗುವುದೇ ಇಲ್ಲ. ಡಾಕ್ಟರರಿಗೆ ಹೇಳಿದರೆ ಲೊಸಾರ್ಟನ್ ಅಥವಾ ಟೆಲ್ಮಿಸಾರ್ಟನ್‌ನಂಥ ಬೇರೆ ಗುಂಪಿನ ಗುಳಿಗೆಗೆ ಬದಲಿಸುತ್ತಾರೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಇಳಿಯುತ್ತದೆ.

ಗುಳಿಗೆಯ ಹೆಸರಿನ ಕೊನೆಗೆ ‘ಎಚ್’, ‘ಸಿಎಚ್’ ಅಥವಾ ‘ಸಿಟಿ’ ಅಕ್ಷರವಿದೆಯೇ ಎಂದೂ ನೋಡಿ. ಬಹುತೇಕ ಅದರ ಅರ್ಥ ಹೈಡ್ರೋಕ್ಲೋರೋಥಯಝೈಡ್ ಅಥವಾ ಕ್ಲೋರ್ಥಾಲಿಡೋನ್ ಕೂಡಿದೆ ಎಂದು. ಇವು ಮೂತ್ರ ಹೆಚ್ಚಿಸುವ ಔಷಧಗಳು, ತಾವೇ ಪೊಟ್ಯಾಶಿಯಂ ಕಳೆಯುತ್ತವೆ. ಇವುಗಳ ಮೇಲೆ ಜೇಷ್ಠಮಧು ಬಿದ್ದರೆ ಪೊಟ್ಯಾಶಿಯಂ ಎರಡೂ ಕಡೆಯಿಂದ ಸೋರುತ್ತದೆ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿಗೆ ಬೆವರು ಹರಿದು, ನಡುವೆ ಭೇದಿಯೂ ಆದರೆ ಇನ್ನೂ ಬೇಗ ತಳ ಕಾಣುತ್ತದೆ.

ಎದೆ ಡವಡವ ಎನ್ನುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಕೈಕಾಲು ಎತ್ತಲಾಗದಿರುವುದು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು. ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆಯ ವರದಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಕಷಾಯದ ಪ್ಯಾಕೆಟ್ ಮತ್ತು ಎಲ್ಲ ಗುಳಿಗೆಗಳ ಪಟ್ಟಿ ಜತೆಗೆ ಒಯ್ಯಿರಿ. ಜೇಷ್ಠಮಧು ಕುಡಿದದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಬಿಪಿ ಏಕೆ ಏರಿತು ಎಂದು ಹುಡುಕುವುದರಲ್ಲೇ ದಿನಗಳು ಹೋಗುತ್ತವೆ. ಮನೆಯಲ್ಲಿ ಕುಡಿಯುವುದನ್ನು ಔಷಧ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆಸ್ಪತ್ರೆಯಲ್ಲಿ ಕೇಳುವವರೂ ಕಡಿಮೆ.

ಕೊನೆಗೆ, ಯಾವುದೇ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯದ ಪರೀಕ್ಷೆ ಉಚಿತ. ಅವ್ವನ ಕೆಮ್ಮಿಗೆ ಎರಡು ತಿಂಗಳಾಗಿದೆ, ಅದನ್ನು ಬಿಡಬೇಡಿ.

ಪ್ರಶ್ನೆ (ಬೀದರ್): ಪುಡಿ ದಿನಕ್ಕೆ 2ರಿಂದ 4 ಗ್ರಾಂ ತಗೊಳ್ಳಬಹುದು ಎಂದು ಒಬ್ಬರು ಹೇಳುತ್ತಾರೆ, 1 ಗ್ರಾಂ ಕೂಡ ಹೆಚ್ಚು ಎಂದು ಇನ್ನೊಬ್ಬರು. ಸರಿಯಾದ ಲೆಕ್ಕ ಯಾವುದು?

ಉತ್ತರ: ಭಾರತದ ಆಯುರ್ವೇದ ಫಾರ್ಮಕೋಪಿಯಾ (ಔಷಧಗಳ ಗುಣಮಟ್ಟ, ಪ್ರಮಾಣ ಹೇಳುವ ಅಧಿಕೃತ ಗ್ರಂಥ) ಯಷ್ಟಿಮಧು, ಅಂದರೆ ಜೇಷ್ಠಮಧುವಿನ ಪುಡಿಗೆ ಹೇಳುವ ಪ್ರಮಾಣ 2ರಿಂದ 4 ಗ್ರಾಂ. ಅದು ರೋಗಿಯನ್ನು ನೋಡಿ, ಕಾಯಿಲೆಗೆ ತಕ್ಕಂತೆ, ಇಷ್ಟು ದಿನ ಎಂದು ಗೊತ್ತುಮಾಡಿ ಕೊಡುವ ಔಷಧದ ಪ್ರಮಾಣ. ಇನ್ನೊಂದು ಲೆಕ್ಕ ಆಹಾರ ಸುರಕ್ಷತೆಯದು. ಬಹುಪಾಲು ವಯಸ್ಕರು ದಿನಕ್ಕೆ 100 ಮಿಲಿಗ್ರಾಂ ಗ್ಲೈಸಿರೈಜಿನ್ ದಾಟಬಾರದು ಎಂದು ಯುರೋಪಿನ ತಜ್ಞರ ಸಮಿತಿ ಹೇಳಿದೆ. ಈ ಎರಡನ್ನೂ ಕೂಡಿಸಿ ನೋಡಬೇಕು.

ಔಷಧಿ ದರ್ಜೆಯ ಬೇರಿನಲ್ಲಿ ಕನಿಷ್ಠ ಶೇಕಡ 4ರಷ್ಟು ಗ್ಲೈಸಿರೈಜಿನ್ ಇರಬೇಕೆಂದು ಯುರೋಪಿನ ಫಾರ್ಮಕೋಪಿಯಾದ ನಿಯಮ. ಹಾಗೆ ಹಿಡಿದರೆ 1 ಗ್ರಾಂ ಪುಡಿಯಲ್ಲಿ 40 ಮಿಲಿಗ್ರಾಂ, ಎರಡೂವರೆ ಗ್ರಾಂಗೆ 100 ಮುಟ್ಟಿತು, 4 ಗ್ರಾಂಗೆ 160. ಬೇರಿನಿಂದ ಬೇರಿಗೆ ಈ ಅಂಶ ಹೆಚ್ಚುಕಡಿಮೆ ಆಗುತ್ತದೆ. ಶೇಕಡ 8ರ ಬೇರು ಸಿಕ್ಕಿದರೆ ಅದೇ ಚಮಚದಲ್ಲಿ ಎರಡರಷ್ಟು. ಆದ್ದರಿಂದ ಶಾಸ್ತ್ರೀಯ ಪ್ರಮಾಣವೇ ಮಿತಿಯ ಆಸುಪಾಸಿನಲ್ಲಿದೆ. ಆರೋಗ್ಯವಂತರು ಒಂದು ವಾರ, ಹತ್ತು ದಿನ ತಗೊಂಡರೆ ಸಾಮಾನ್ಯವಾಗಿ ತೊಂದರೆಯಾಗದು. ತಿಂಗಳುಗಟ್ಟಲೆಗೆ ಆ ಪ್ರಮಾಣ ಅಲ್ಲ.

100 ಮಿಲಿಗ್ರಾಂ ಕೂಡ ಎಲ್ಲರಿಗೂ ನಿರಪಾಯವಲ್ಲ. ಸ್ವೀಡನ್‌ನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18ರಿಂದ 30 ವರ್ಷದ ಆರೋಗ್ಯವಂತರಿಗೆ ಎರಡು ವಾರ ಅಷ್ಟನ್ನೇ ಕೊಟ್ಟಿದ್ದರು. ಮೇಲಿನ ಬಿಪಿ ಸರಾಸರಿ 3 ಅಂಕ ಏರಿತು, ಕೆಲವರಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಮೊದಲೇ ಬಿಪಿ ಇರುವವರಿಗೆ, ವಯಸ್ಸಾದವರಿಗೆ ಅಪಾಯ ಇನ್ನೂ ಬೇಗ. ನಮ್ಮ ಅಭಿಪ್ರಾಯ ಇಷ್ಟು: ಬಿಪಿ, ಹೃದಯ, ಮೂತ್ರಪಿಂಡ, ಲಿವರ್ ತೊಂದರೆ ಇಲ್ಲದ ವಯಸ್ಕರು ಮನೆಮದ್ದಾಗಿ ದಿನಕ್ಕೆ 1ರಿಂದ 2 ಗ್ರಾಂ, ಹೆಚ್ಚೆಂದರೆ ಏಳು ದಿನ. ಅದಕ್ಕೂ ಮೀರಿ ಬೇಕಿದ್ದರೆ ವೈದ್ಯರ ಕೈಯಲ್ಲಿ, ಬಿಪಿ ನೋಡಿಕೊಂಡು.

ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯಲು ಚಮಚ ನಂಬಬೇಡಿ. ಮಟ್ಟಸ ಚಮಚಕ್ಕೂ ರಾಶಿ ತುಂಬಿದ ಚಮಚಕ್ಕೂ ಎರಡು ಪಟ್ಟು ವ್ಯತ್ಯಾಸ ಬರುತ್ತದೆ. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೆಯೇ ಪೆನ್ನಿನಿಂದ ಬರೆಯಿರಿ, ಖಾಲಿಯಾದ ದಿನ ಭಾಗಿಸಿ. 100 ಗ್ರಾಂ ಪುಡಿಯನ್ನು ಒಬ್ಬರೇ 20 ದಿನದಲ್ಲಿ ಮುಗಿಸಿದ್ದರೆ ದಿನಕ್ಕೆ 5 ಗ್ರಾಂ, ಅಂದರೆ ಕನಿಷ್ಠ 200 ಮಿಲಿಗ್ರಾಂ. ಈ ಲೆಕ್ಕ ಮಾಡಿ ನೋಡಿದವರಿಗೆ ಇಷ್ಟೊಂದಾ ಎನಿಸುತ್ತದೆ.

ಕಷಾಯಕ್ಕೂ ಪುಡಿಗೂ ಲೆಕ್ಕ ಬೇರೆ. ಪುಡಿ ನುಂಗಿದರೆ ಅದರಲ್ಲಿದ್ದುದೆಲ್ಲ ಒಳಗೆ ಹೋಗುತ್ತದೆ. ಕಷಾಯದಲ್ಲಿ ನೀರಿಗೆ ಇಳಿದಷ್ಟು ಮಾತ್ರ, ಆದರೆ ಗ್ಲೈಸಿರೈಜಿನ್ ಬಿಸಿ ನೀರಿಗೆ ಚೆನ್ನಾಗಿಯೇ ಇಳಿಯುತ್ತದೆ. ಕಷಾಯದಲ್ಲಿ ಹೆಚ್ಚು ಕೆಡುವುದು ಪದ್ಧತಿ. ಬೆಳಿಗ್ಗೆ ಹಾಕಿದ ಬೇರನ್ನು ಪಾತ್ರೆಯಲ್ಲೇ ಬಿಟ್ಟು, ಮಧ್ಯಾಹ್ನ ನೀರು ಸುರಿದು, ಸಂಜೆ ಹೊಸ ತುಂಡು ಸೇರಿಸಿ ಮತ್ತೆ ಕುದಿಸುತ್ತಾರೆ. ಯಾರ ಲೋಟಕ್ಕೆ ಎಷ್ಟು ಬಿತ್ತೋ ಯಾರಿಗೂ ಗೊತ್ತಿಲ್ಲ. ಮಾಡುವುದಿದ್ದರೆ ಒಬ್ಬರಿಗೆ ಒಂದು ದಿನದ 2 ಗ್ರಾಂ ಜಜ್ಜಿದ ಬೇರನ್ನು ತೂಗಿ, ಎರಡು ಲೋಟ ನೀರಲ್ಲಿ ಕುದಿಸಿ, ಒಂದು ಲೋಟಕ್ಕೆ ಇಳಿಸಿ, ಸೋಸಿ, ಚರಟ ಚೆಲ್ಲಿಬಿಡಿ. ಆ ಲೋಟವನ್ನೇ ಎರಡು ಹೊತ್ತಿಗೆ ಹಂಚಿಕೊಳ್ಳಿ.

ಪ್ರಶ್ನೆ (ಹುಮನಾಬಾದ್ ತಾಲ್ಲೂಕು): ನಮ್ಮ ಕಾಕಾ ಅಸ್ತಮಾ ರೋಗಿ. ತೊಗರಿ ರಾಶಿ ಸಮಯದಲ್ಲಿ ದಮ್ಮು ಹೆಚ್ಚಾಗಿ ಇನ್ಹೇಲರ್, ಆಗಾಗ ಸ್ಟಿರಾಯ್ಡ್ ಗುಳಿಗೆ ತಗೊಳ್ಳುತ್ತಾರೆ. ಜತೆಗೆ ಬೀದರ್‌ನಿಂದ ತಂದ ಯುನಾನಿ ಜೋಶಾಂದಾ ದಿನಾ ಕುಡಿಯುತ್ತಾರೆ. ಅದರಲ್ಲಿ ಜೇಷ್ಠಮಧು ಇಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಪ್ಯಾಕೆಟ್ ತಿರುಗಿಸಿ ಓದಿ. ಜೋಶಾಂದಾದ ಹೆಚ್ಚಿನ ತಯಾರಿಕೆಗಳಲ್ಲಿ ಅದು ಇದ್ದೇ ಇರುತ್ತದೆ, ಹೆಸರು ಮಾತ್ರ ಬೇರೆ: ಅಸ್ಲ್-ಉಸ್-ಸೂಸ್ ಅಥವಾ ಮುಲೇಠಿ. ಕೆಮ್ಮಿನ ಲವೂಕ್ (ನೆಕ್ಕುವ ಲೇಹ್ಯ), ಶರಬತ್‌ಗಳಲ್ಲೂ ಇದೇ ಹೆಸರು ಸಿಗುತ್ತದೆ. ರುಬ್-ಉಸ್-ಸೂಸ್ ಎಂದಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅದು ಬೇರನ್ನು ಕುದಿಸಿ ಬತ್ತಿಸಿದ ಗಟ್ಟಿ ಸಾರ, ಗ್ರಾಂ ಲೆಕ್ಕದಲ್ಲಿ ಪುಡಿಗಿಂತ ಬಹಳ ಕಡು. ಆಯುರ್ವೇದದ ಡಬ್ಬಿಗಳಲ್ಲಿ ಯಷ್ಟಿಮಧು, ಯಷ್ಟಿ, ಮಧುಯಷ್ಟಿ, ಅತಿಮಧುರ ಎಂದಿರುತ್ತದೆ. ಇಂಗ್ಲಿಷ್ ಪಟ್ಟಿಯಾದರೆ ಗ್ಲೈಸಿರೈಜಾ ಗ್ಲಾಬ್ರಾ. ಗಂಟಲಿಗೆ ಚೀಪುವ ಏಲಾದಿ ವಟಿಯಲ್ಲಿ ಇದೆ, ಅನೇಕ ಕೆಮ್ಮಿನ ಸಿರಪ್‌ಗಳಲ್ಲಿ, ಚೀಪುವ ಮಾತ್ರೆಗಳಲ್ಲಿ ಇದೆ, ಸಿಹಿ ಪಾನ್‌ಗೆ ಉದುರಿಸುವ ಪುಡಿಯಲ್ಲೂ ಇರಬಹುದು. ಒಂದೊಂದರಲ್ಲೂ ಸ್ವಲ್ಪವೇ. ಬೆಳಿಗ್ಗೆ ಜೋಶಾಂದಾ, ಮಧ್ಯಾಹ್ನ ಸಿರಪ್, ದಿನವಿಡೀ ವಟಿ ಎಂದಾದಾಗ ಕೂಡಿಕೊಳ್ಳುತ್ತದೆ.

ನಿಮ್ಮ ಕಾಕಾ ಅವರಿಗೆ ಇದು ಬೇಡವೇ ಬೇಡ. ಸಾಲ್ಬುಟಮಾಲ್ ಇನ್ಹೇಲರ್ ಮತ್ತು ನೆಬ್ಯುಲೈಜರ್ ಪೊಟ್ಯಾಶಿಯಂ ಅನ್ನು ರಕ್ತದಿಂದ ಜೀವಕೋಶದೊಳಕ್ಕೆ ತಳ್ಳುತ್ತವೆ, ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಅದನ್ನು ಮೂತ್ರದಲ್ಲಿ ಕಳೆಯುತ್ತದೆ, ಜೇಷ್ಠಮಧು ಆ ಸ್ಟಿರಾಯ್ಡ್ ಮೈಯಿಂದ ಬೇಗ ಹೊರಹೋಗದಂತೆ ತಡೆಯುತ್ತದೆ. ಮೂರೂ ಒಂದೇ ದಿಕ್ಕಿಗೆ ಎಳೆಯುತ್ತವೆ. ದಮ್ಮು ಜೋರಾದ ರಾತ್ರಿ ನೆಬ್ಯುಲೈಜರ್ ಮೇಲೆ ನೆಬ್ಯುಲೈಜರ್ ಕೊಡುವಾಗ ಪೊಟ್ಯಾಶಿಯಂ ಮೊದಲೇ ಇಳಿದಿದ್ದರೆ ಹೃದಯದ ಲಯ ಕೆಡುವ ಭಯವಿದೆ. ಇನ್ಹೇಲರ್ ಬಿಡಿಸಿ ಜೋಶಾಂದಾ ಉಳಿಸುವ ತಪ್ಪು ಮಾತ್ರ ಯಾರೂ ಮಾಡಬೇಡಿ. ಅಸ್ತಮಾದಲ್ಲಿ ಜೀವ ಉಳಿಸುವುದು ಇನ್ಹೇಲರ್. ರಾಶಿ ನಡೆಯುವಾಗ ಗಾಳಿ ಬರುವ ಬದಿಗೆ ನಿಲ್ಲಬೇಕು, ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಬೇಕು, ಇನ್ಹೇಲರನ್ನು ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಕೊಳವೆ) ಹಚ್ಚಿ ಎಳೆಯಬೇಕು.

ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರಿಗೂ ಇದೇ ಮಾತು. ಪೊಟ್ಯಾಶಿಯಂ ಇಳಿದರೆ ಸರಿಯಾದ ಡೋಸಿನ ಡಿಗಾಕ್ಸಿನ್ ಕೂಡ ವಿಷದಂತೆ ವರ್ತಿಸುತ್ತದೆ.

ಪ್ರಶ್ನೆ (ಚಿತ್ತಾಪುರ): ಮಲಬದ್ಧತೆಗೆ ಸ್ವಾದಿಷ್ಟ ವಿರೇಚನ ಚೂರ್ಣ ವರ್ಷದಿಂದ ತಗೊಳ್ಳುತ್ತಿದ್ದೇನೆ. ಮೊದಲು ಒಂದು ಚಮಚ ಸಾಕಾಗುತ್ತಿತ್ತು, ಈಗ ಮೂರು ಚಮಚ ಬೇಕು. ಇದಕ್ಕೂ ಜೇಷ್ಠಮಧುಗೂ ಸಂಬಂಧವಿದೆಯೇ?

ಉತ್ತರ: ಇದೆ. ಆ ಚೂರ್ಣದಲ್ಲಿ ಸೋನಾಮುಖಿಯ ಜತೆ ಜೇಷ್ಠಮಧುವೂ ಇರುತ್ತದೆ. ಸೋನಾಮುಖಿ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ, ಪೊಟ್ಯಾಶಿಯಂ ಮಲದಲ್ಲಿ ಹೋಗುತ್ತದೆ. ಜೇಷ್ಠಮಧು ಅದನ್ನು ಮೂತ್ರದಲ್ಲಿ ಕಳಿಸುತ್ತದೆ. ಪೊಟ್ಯಾಶಿಯಂ ಇಳಿದಾಗ ಕರುಳಿನ ಸ್ನಾಯುಗಳೂ ಸೋಲುತ್ತವೆ, ಮಲಬದ್ಧತೆ ಹೆಚ್ಚುತ್ತದೆ, ನೀವು ಚಮಚ ಹೆಚ್ಚಿಸುತ್ತೀರಿ. ಇನ್ನೂ ಒಂದು ಸಂಗತಿ: ಕರುಳು ನಿಧಾನವಾಗಿರುವವರಲ್ಲಿ ಗ್ಲೈಸಿರೆಟಿನಿಕ್ ಆಮ್ಲ ಹೆಚ್ಚು ಹೊತ್ತು ಒಳಗುಳಿದು ಮತ್ತೆ ಮತ್ತೆ ಹೀರಲ್ಪಡುತ್ತದೆ. ಅಂಥವರಿಗೆ ಕಡಿಮೆ ಪ್ರಮಾಣವೂ ತಾಗುತ್ತದೆ.

ಮೊದಲು ಪೊಟ್ಯಾಶಿಯಂ ನೋಡಿಸಿ. ಚೂರ್ಣ ಬಿಟ್ಟು ಇಸಬ್‌ಗೋಲ್ ಹೊಟ್ಟು ಒಂದು ಚಮಚದಿಂದ ಶುರುಮಾಡಿ, ದೊಡ್ಡ ಲೋಟ ನೀರಿನ ಜತೆ. ನೀರು ಕಡಿಮೆಯಾದರೆ ಅದೇ ಗಂಟಾಗಿ ಕಟ್ಟಿಕೊಳ್ಳುತ್ತದೆ. ಊಟದಲ್ಲಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳುಗಳು ಹೆಚ್ಚಲಿ. ಮೊದಲ ಒಂದೆರಡು ವಾರ ಕಷ್ಟವಾಗುತ್ತದೆ, ಆಮೇಲೆ ಹಾದಿಗೆ ಬರುತ್ತದೆ. ಮಲದಲ್ಲಿ ರಕ್ತ ಬಂದರೆ, ತೂಕ ಇಳಿದರೆ ಇದನ್ನೆಲ್ಲ ಬಿಟ್ಟು ಡಾಕ್ಟರರಲ್ಲಿಗೆ ಹೋಗಿ.

ಪ್ರಶ್ನೆ (ಶಹಾಪುರ): ನನಗೆ ಐದು ತಿಂಗಳು. ಎದೆ ಉರಿ, ಕೆಮ್ಮು ಎರಡೂ ಇವೆ. ಇಂಗ್ಲಿಷ್ ಔಷಧ ಬೇಡ, ಜೇಷ್ಠಮಧ ಹಾಲಿನಲ್ಲಿ ಕುಡಿ ಎಂದು ಅತ್ತೆ ಹೇಳುತ್ತಾರೆ.

ಉತ್ತರ: ಅತ್ತೆಯವರ ಕಾಳಜಿ ದೊಡ್ಡದು, ಆದರೆ ಬಸುರಿಯಲ್ಲಿ ಜೇಷ್ಠಮಧು ಬೇಡ ತಂಗಿ. ಮೊದಲ ಉತ್ತರದಲ್ಲಿ ಹೇಳಿದ ಕಿಣ್ವವೇ ಮಾಸಿನಲ್ಲೂ ಇರುತ್ತದೆ. ತಾಯಿಯ ಕಾರ್ಟಿಸಾಲ್ ಪೂರ್ತಿ ಮಗುವಿಗೆ ತಲುಪದಂತೆ ತಡೆಯುವುದು ಅದೇ. ಫಿನ್‌ಲ್ಯಾಂಡ್‌ನಲ್ಲಿ ಜೇಷ್ಠಮಧುವಿನ ಮಿಠಾಯಿ ತಿನ್ನುವ ರೂಢಿ ಹೆಚ್ಚು. ವಾರಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಗ್ಲೈಸಿರೈಜಿನ್ ಸೇವಿಸಿದ ಗರ್ಭಿಣಿಯರ ಮಕ್ಕಳು ಬೆಳೆದಾಗ ಬುದ್ಧಿ ಪರೀಕ್ಷೆಗಳಲ್ಲಿ ಸರಾಸರಿಯಲ್ಲಿ ಹಿಂದೆ ಬಿದ್ದುದನ್ನು ಅಲ್ಲಿನ ಸಂಶೋಧಕರು ಕಂಡಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ವಾರಕ್ಕೆ ಹನ್ನೆರಡು–ಹದಿಮೂರು ಗ್ರಾಂ ಪುಡಿ, ದಿನಕ್ಕೆ ಎರಡು ಗ್ರಾಂ ಕೂಡ ಅಲ್ಲ.

ಇನ್ನೊಂದು ತೊಡಕಿದೆ. ಬಿಪಿ ಏರುವುದು, ಮುಖ ಬಾಯುವುದು, ತಲೆನೋವು ಗರ್ಭಿಣಿಯರ ಬಿಪಿ ಕಾಯಿಲೆಯ ಲಕ್ಷಣಗಳೂ ಹೌದು. ಯಾವುದರಿಂದ ಬಂತು ಎಂಬ ಗೊಂದಲ ಹುಟ್ಟಿಸುವುದೇ ಬೇಡ. ಬಿಪಿ 140/90 ಮುಟ್ಟಿದರೆ ಅವತ್ತೇ ತೋರಿಸಿ.

ಕೆಮ್ಮಿಗೆ ಉಪ್ಪುನೀರಿನ ಗಾರ್ಗಲ್, ಬೆಚ್ಚಗಿನ ನೀರಿನಲ್ಲಿ ಒಂದು ಚಮಚ ಜೇನುತುಪ್ಪ ಸಾಕು. ಬಸುರಿನ ಸಕ್ಕರೆ ಕಾಯಿಲೆ ಇದ್ದರೆ ಜೇನು ಬಿಡಿ. ಎದೆ ಉರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪಸ್ವಲ್ಪವಾಗಿ ಉಣ್ಣಿ, ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು–ಮೂರು ತಾಸು ಬಿಡಿ, ತಲೆಬದಿ ಎತ್ತರಿಸಿ ಎಡಮಗ್ಗುಲಾಗಿ ಮಲಗಿ. ಇಷ್ಟಕ್ಕೂ ಕಡಿಮೆಯಾಗದಿದ್ದರೆ ಗರ್ಭಿಣಿಯರಿಗೆ ಕೊಡಬಹುದಾದ ಆಸಿಡಿಟಿ ಔಷಧಗಳಿವೆ, ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ (ಸೇಡಂ): ಮೊಮ್ಮಗನಿಗೆ ಮೂರು ತಿಂಗಳು. ಬಜಿ, ಜಾಯಿಕಾಯಿ, ಜೇಷ್ಠಮಧ ಕಲ್ಲಿನ ಮೇಲೆ ತೇಯ್ದು ಜೇನುತುಪ್ಪದಲ್ಲಿ ಗುಟ್ಟಿ ಹಾಕುತ್ತೇವೆ. ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಿ ಅಮ್ಮ. ಇಲ್ಲಿ ಜೇಷ್ಠಮಧುವಿನ ಒಂದೆರಡು ಸುತ್ತು ಎಲ್ಲಕ್ಕಿಂತ ಸಣ್ಣ ಚಿಂತೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿ ಇರಬಹುದಾದ ಬಾಟುಲಿಸಂ ಬೀಜಾಣು ಮಗುವಿನ ಕರುಳಲ್ಲಿ ಬೆಳೆದು ಮೈಯ ಶಕ್ತಿಯನ್ನೇ ಕಸಿಯುತ್ತದೆ. ಬಜಿ ಮತ್ತು ಜಾಯಿಕಾಯಿ ಸ್ವಲ್ಪ ಹೆಚ್ಚಾದರೂ ಮಗುವನ್ನು ಮಂಕಾಗಿಸುತ್ತವೆ, ಕಲ್ಲು ಮತ್ತು ನೀರಿನಿಂದ ಭೇದಿ ಹತ್ತುತ್ತದೆ. ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ. ಡಾಕ್ಟರರು ಬರೆದ ಹನಿ ಔಷಧವಿದ್ದರೆ ಅದು ಮಾತ್ರ.

ಪ್ರಶ್ನೆ (ಬಸವಕಲ್ಯಾಣ): ಸಂತೆಯಲ್ಲಿ ಮಾರುವ ಬೇರು ನಿಜವಾದ ಜೇಷ್ಠಮಧು ಎಂದು ಗುರುತಿಸುವುದು ಹೇಗೆ?

ಉತ್ತರ: ನಿಜವಾದದ್ದು ಹೊರಗೆ ಕಂದು, ಉದ್ದುದ್ದ ಸುಕ್ಕು, ಮುರಿದರೆ ಒಳಗೆ ಹಳದಿ, ನಾರುನಾರಾಗಿ ಎಳೆ ಬಿಡುತ್ತದೆ. ಜಗಿದರೆ ಸಿಹಿ ತುಸು ತಡವಾಗಿ ಹತ್ತಿ, ಬಹಳ ಹೊತ್ತು ನಾಲಿಗೆಯ ಮೇಲೆ ಉಳಿಯುತ್ತದೆ. ಇದು ನಮ್ಮ ಹೊಲದ ಬೆಳೆಯಲ್ಲ, ಹೆಚ್ಚಿನದು ಮಧ್ಯ ಏಷ್ಯಾ, ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬರುತ್ತದೆ. ಬದಲಿಗೆ ಗುಲಗಂಜಿ ಬಳ್ಳಿಯ ಬೇರನ್ನು ಮಾರುವುದುಂಟು. ಆ ಬಳ್ಳಿಯ ಕೆಂಪು–ಕಪ್ಪು ಬೀಜ ಕಡು ವಿಷ, ಅದನ್ನು ಮನೆಯೊಳಗೆ ತರುವುದೇ ಬೇಡ. ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕೊಳ್ಳುವುದಿದ್ದರೆ ಇಡೀ ಬೇರು ಕೊಂಡು ಮನೆಯಲ್ಲಿ ಜಜ್ಜಿಕೊಳ್ಳಿ, ಬೂಸು ಹಿಡಿದ ಬೇರು ಬೇಡ. ಪುಡಿಯೇ ಬೇಕೆಂದರೆ ಲೈಸೆನ್ಸ್ ನಂಬರ್, ಬ್ಯಾಚ್, ತಯಾರಿಸಿದ ತಾರೀಖು ಇರುವ ಪ್ಯಾಕೆಟ್ ಮಾತ್ರ.

ಪ್ರಶ್ನೆ (ಕಲಬುರಗಿ): ಶುಗರ್ ಇದೆ. ಚಹಾಕ್ಕೆ ಸಕ್ಕರೆಯ ಬದಲು ಜೇಷ್ಠಮಧು ಹಾಕಬಹುದೇ? ಹೆಂಡತಿ ಮುಖಕ್ಕೂ ಹಚ್ಚಿಕೊಳ್ಳುತ್ತಾಳೆ.

ಉತ್ತರ: ಚಹಾಕ್ಕೆ ಬೇಡ. ದಿನಕ್ಕೆ ನಾಲ್ಕೈದು ಕಪ್, ವರ್ಷವಿಡೀ ಎಂದರೆ ಇಲ್ಲಿಯವರೆಗೆ ಹೇಳಿದ ಎಲ್ಲ ಅಪಾಯವೂ ಅದರಲ್ಲಿದೆ. ಶುಗರ್ ಇರುವವರಲ್ಲಿ ಬಿಪಿ, ಮೂತ್ರಪಿಂಡದ ತೊಂದರೆಯೂ ಸಾಮಾನ್ಯ. ಪೊಟ್ಯಾಶಿಯಂ ಇಳಿದರೆ ಇನ್ಸುಲಿನ್ ಸ್ರವಿಸುವುದೂ ಕಡಿಮೆಯಾಗಿ ಶುಗರ್ ಏರಬಹುದು. ಮುಖಕ್ಕೆ ಹಚ್ಚುವುದರಿಂದ ಬಿಪಿ ಭಯವಿಲ್ಲ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಾರದಿದ್ದರೆ ಮುಂದುವರಿಸಲಿ.

ಪ್ರಶ್ನೆ (ಯಾದಗಿರಿ): ಆಸಿಡಿಟಿಗೆ ‘ಡಿಜಿಎಲ್’ ಎಂಬ ಜೇಷ್ಠಮಧು ಮಾತ್ರೆ ಸುರಕ್ಷಿತ ಎನ್ನುತ್ತಾರಲ್ಲ?

ಉತ್ತರ: ಗ್ಲೈಸಿರೈಜಿನ್ ಬಹುಪಾಲು ತೆಗೆದ ಸಾರ ಅದು. ಬಿಪಿ ಅಪಾಯ ಬಹಳ ಕಡಿಮೆ, ಮಾತು ನಿಜ. ಲೇಬಲ್ ಮೇಲೆ ಹಾಗೆ ಸ್ಪಷ್ಟವಾಗಿ ಬರೆದಿರಬೇಕು. ಬರೀ ಯಷ್ಟಿಮಧು ಸತ್ವ ಎಂದಿದ್ದರೆ ಅದು ಇದಲ್ಲ. ಎರಡು ವಾರ ಮೀರಿದ ಎದೆ ಉರಿ, ಕಪ್ಪು ಮಲ, ನುಂಗಲು ತೊಂದರೆ ಇದ್ದರೆ ಯಾವ ಮಾತ್ರೆಯನ್ನೂ ನಂಬಿ ಕೂರದೆ ಎಂಡೋಸ್ಕೋಪಿ ಬಗ್ಗೆ ಕೇಳಿ.

ಪ್ರಶ್ನೆ (ಚಿಂಚೋಳಿ): ಅಪ್ಪನಿಗೆ ಪೊಟ್ಯಾಶಿಯಂ 2.7 ಆಗಿ ಆಸ್ಪತ್ರೆಯಲ್ಲಿದ್ದರು, ಜೇಷ್ಠಮಧುವಿನಿಂದ ಎಂದರು. ಮನೆಗೆ ಬಂದಿದ್ದಾರೆ. ಎಳನೀರು, ಬಾಳೆಹಣ್ಣು ಎಷ್ಟು ಕೊಡಬೇಕು? ಔಷಧ ಎಷ್ಟು ದಿನ?

ಉತ್ತರ: ಜೇಷ್ಠಮಧು ನಿಲ್ಲಿಸಿದ ಕೂಡಲೇ ಅದರ ಪ್ರಭಾವ ನಿಲ್ಲುವುದಿಲ್ಲ. ಪೊಟ್ಯಾಶಿಯಂ ಹಾದಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ರೆನಿನ್, ಆಲ್ಡೋಸ್ಟಿರೋನ್ ಹಾರ್ಮೋನುಗಳು ಮೊದಲಿನಂತಾಗಲು ತಿಂಗಳುಗಳೇ ಹಿಡಿಯಬಹುದು. ಅದಕ್ಕೇ ಡಿಸ್ಚಾರ್ಜ್ ಆಗಿ ಮೂರ್ನಾಲ್ಕು ದಿನದ ಮೇಲೆ ಒಂದು ಸಲ, ಆಮೇಲೆ ವಾರಕ್ಕೊಮ್ಮೆಯಂತೆ ಎರಡು ಸಲ ಪೊಟ್ಯಾಶಿಯಂ ಮತ್ತು ಕ್ರಿಯಾಟಿನಿನ್ ನೋಡಿಸಿ. ಬಿಪಿಯನ್ನು ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ.

ಪೊಟ್ಯಾಶಿಯಂ ಕ್ಲೋರೈಡ್ ಸಿರಪ್ ಕೊಟ್ಟಿದ್ದರೆ ಬರೆದಷ್ಟನ್ನೇ, ಊಟದ ನಂತರ, ದೊಡ್ಡ ಲೋಟ ನೀರಲ್ಲಿ ಕಲಸಿ ಕೊಡಿ. ಹಾಗೆಯೇ ಕುಡಿದರೆ ಹೊಟ್ಟೆ ಸುಡುತ್ತದೆ. ಸ್ಪೈರನೊಲ್ಯಾಕ್ಟೋನ್ ಗುಳಿಗೆ ಬರೆದಿರಬಹುದು, ಅದು ಕಾರ್ಟಿಸಾಲ್ ನುಗ್ಗುವ ಆ ಬಾಗಿಲನ್ನೇ ಮುಚ್ಚುತ್ತದೆ. ಎಚ್ಚರ ಬೇಕಾದ್ದು ಇಲ್ಲೇ. ಜೇಷ್ಠಮಧುವಿನ ಪ್ರಭಾವ ಇಳಿಯುತ್ತಾ ಬಂದಂತೆ ಅದೇ ಸಿರಪ್, ಅದೇ ಗುಳಿಗೆ, ಮೇಲೆ ದಿನಾ ಮೂರು ಎಳನೀರು ಸೇರಿದರೆ ಪೊಟ್ಯಾಶಿಯಂ 6ಕ್ಕೆ ಏರಿ ಹೃದಯಕ್ಕೆ ಅಷ್ಟೇ ಅಪಾಯ. ಟೆಲ್ಮಿಸಾರ್ಟನ್‌ನಂಥ ಗುಳಿಗೆ ಇದ್ದವರಿಗೆ, ಕ್ರಿಯಾಟಿನಿನ್ ಹೆಚ್ಚಿದ್ದವರಿಗೆ ಈ ಭಯ ಇನ್ನೂ ಹೆಚ್ಚು. ಆದ್ದರಿಂದ ಎಳನೀರಿನ ಲೆಕ್ಕವನ್ನು ಆ ವಾರದ ವರದಿ ತೋರಿಸಿ ಕೇಳಿಕೊಳ್ಳಿ. ಬಿಪಿಗೆ ಒಳ್ಳೆಯದೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲೂ ಪೊಟ್ಯಾಶಿಯಂ ಇರುತ್ತದೆ, ಸದ್ಯಕ್ಕೆ ಬೇಡ. ಊಟದ ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಪೊಟ್ಯಾಶಿಯಂ ಹೆಚ್ಚು ಹೋಗುತ್ತದೆ.

ಮೂರ್ನಾಲ್ಕು ವಾರ ಕಳೆದರೂ ಬಿಪಿ ಏರಿಯೇ ಇದ್ದು ಪೊಟ್ಯಾಶಿಯಂ ಮತ್ತೆ ಮತ್ತೆ ಇಳಿದರೆ ಆಲ್ಡೋಸ್ಟಿರೋನ್ ಮತ್ತು ರೆನಿನ್ ಪರೀಕ್ಷೆ ಆಗಬೇಕು. ಜೇಷ್ಠಮಧುವಿನ ತೊಂದರೆಯಲ್ಲಿ ಎರಡೂ ಕಡಿಮೆ ಇರುತ್ತವೆ. ರೆನಿನ್ ಕಡಿಮೆ ಇದ್ದು ಆಲ್ಡೋಸ್ಟಿರೋನ್ ಹೆಚ್ಚಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯನ್ನು ನೋಡಿಸಬೇಕು, ಅದು ಬೇರೆ ಕಾಯಿಲೆ.

ಅಪ್ಪನಿಗೆ ಇನ್ನು ಮುಂದೆ ಜೇಷ್ಠಮಧು ಯಾವ ರೂಪದಲ್ಲೂ ಬೇಡ. ಡಿಸ್ಚಾರ್ಜ್ ಚೀಟಿಯ ಮೇಲೆ ‘ಯಷ್ಟಿಮಧು, ಮುಲೇಠಿ ಕೊಡಬಾರದು’ ಎಂದು ಡಾಕ್ಟರರಿಂದಲೇ ಬರೆಸಿಕೊಳ್ಳಿ. ಗಿಡಮೂಲಿಕೆ ಅಂಗಡಿಗೆ ಹೋಗುವಾಗಲೂ ಆ ಚೀಟಿ ಜೇಬಿನಲ್ಲಿರಲಿ. ಔಷಧದ ಅಡ್ಡಪರಿಣಾಮ ವರದಿ ಮಾಡುವ ರಾಷ್ಟ್ರೀಯ ಸಹಾಯವಾಣಿ 1800-180-3024. ಅಪ್ಪನಿಗೆ ಆದದ್ದನ್ನು ಅಲ್ಲಿ ತಿಳಿಸಬಹುದು, ಹೇಳುವಾಗ ಪ್ಯಾಕೆಟ್‌ನ ಬ್ಯಾಚ್ ನಂಬರ್ ಕೈಯಲ್ಲಿರಲಿ.